ಯಾವ ಹಾಡಿನ ಪಕ್ಕ ಯಾವ ಹಾಡು: ಸಾರ್ವಜನಿಕ ಬಾನುಲಿಯ ಸಂಗೀತ ವಾರ

(ಸಂಗೀತಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ ‘ಬಾನುಲಿಯಲ್ಲಿ ಸಂಗೀತ ವೈವಿಧ್ಯ’. ವೈವಿಧ್ಯ ಎಂದ ಕೂಡಲೇ ಪಟ್ಟಿ ಓದುವ ಚಪಲ ಹುಟ್ಟುತ್ತದೆ. ಶಾಸ್ತ್ರೀಯ ಇಷ್ಟು ಗಂಟೆ, ಜನಪದ ಇಷ್ಟು, ಚಿತ್ರಗೀತೆ ಇಷ್ಟು, ಜಾಝ್ ಇಷ್ಟು ಅಂತ. ವಾರ್ಷಿಕ ವರದಿಯಲ್ಲಿ ಈ ಲೆಕ್ಕ ಬಹಳ ಚೆನ್ನಾಗಿ ಕಾಣುತ್ತದೆ. ನನಗೆ ಆ ಲೆಕ್ಕದ ಮೇಲೆ ಅಷ್ಟೇನೂ ನಂಬಿಕೆ ಇಲ್ಲ. ಭಾನುವಾರ ರಾತ್ರಿ ಹನ್ನೊಂದರ ನಂತರ ಒಂದು ಗಂಟೆ ಕಾಲ ‘ಇತರೆ’ ಸಂಗೀತವನ್ನೆಲ್ಲ ತುಂಬಿ ಕೈತೊಳೆದುಕೊಂಡರೂ ವರದಿಯಲ್ಲಿ ಅದು ವೈವಿಧ್ಯವೇ. ಒಂದು ನಿಲಯದ ವಾರದಲ್ಲಿ ಎಷ್ಟು ಬಗೆಯ ಸಂಗೀತ ಇದೆ ಎಂದು ಎಣಿಸುವ ಮೊದಲು, ಯಾವುದರ ಪಕ್ಕ ಯಾವುದನ್ನು ಕೂರಿಸಿದ್ದಾರೆ ಎಂದು ನೋಡಬೇಕು. ಒಂದನ್ನು ಕೇಳಲು ಬಂದವರ ಕಿವಿಗೆ ಇನ್ನೊಂದು ಬೀಳುವುದು ಆ ಜಾಗದಲ್ಲಿ. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಸಾರ್ವಜನಿಕ ಬಾನುಲಿ ಎಂದರೆ ಜಾಹೀರಾತಿನ ದುಡ್ಡನ್ನೇ ನೆಚ್ಚಿಕೊಳ್ಳದ ಬಾನುಲಿ ಅಂತ ಸದ್ಯಕ್ಕೆ ಇಟ್ಟುಕೊಳ್ಳೋಣ. ಬ್ರಿಟನ್ನಿನ ಬಿಬಿಸಿಗೆ ಜನ ಕೊಡುವ ಲೈಸೆನ್ಸ್ ಶುಲ್ಕ, ಆಕಾಶವಾಣಿಗೆ ಬಹುಪಾಲು ಸರ್ಕಾರದ ಅನುದಾನ, ಅಮೆರಿಕದಲ್ಲಿ ಹೆಚ್ಚಾಗಿ ಕೇಳುಗರ ದೇಣಿಗೆ. ಕೇಳುಗರೇ ಹಣ ಕೊಟ್ಟು ನಡೆಸುವ ಆ ಪದ್ಧತಿಯನ್ನು 1949ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಕೆಪಿಎಫ್‌ಎ ನಿಲಯ ಶುರುಮಾಡಿತು. ಹಣ ಎಲ್ಲಿಂದಲೇ ಬರಲಿ, ಪ್ರತಿ ಅರ್ಧ ಗಂಟೆಗೂ ಅತಿ ಹೆಚ್ಚು ಕಿವಿಗಳನ್ನು ಹಿಡಿದು ಕೂರಿಸಲೇಬೇಕು ಎಂಬ ಒತ್ತಡ ಕಡಿಮೆ. ಹಾಗಾಗಿ ಮಂಗಳವಾರ ರಾತ್ರಿ ಹತ್ತೂವರೆಗೆ ಊರಲ್ಲಿ ಬೆರಳೆಣಿಕೆಯ ಜನ ಮಾತ್ರ ಕೇಳುವಂಥದ್ದನ್ನೂ ಹಾಕಬಹುದು. ಹಾಕಬಹುದು ಅಂದೆ, ಹಾಕುತ್ತಾರೆ ಅನ್ನಲಿಲ್ಲ.

ವಾರ ಹೇಗೆ ಹುಟ್ಟುತ್ತದೆ ನೋಡೋಣ. ಆಕಾಶವಾಣಿಯಲ್ಲಿ ‘ಫಿಕ್ಸೆಡ್ ಪಾಯಿಂಟ್ ಚಾರ್ಟ್’ ಎಂಬುದೊಂದು ಇದೆ. ಇಷ್ಟು ಹೊತ್ತಿಗೆ ವಾರ್ತೆ, ಇಷ್ಟು ಹೊತ್ತಿಗೆ ಕೃಷಿ, ಇಷ್ಟು ಹೊತ್ತಿಗೆ ಸಂಗೀತ ಎಂದು ಗೆರೆ ಎಳೆದ ಹಾಳೆ. ಕದಲದವು ವಾರ್ತೆಗಳು. ಉಳಿದ ಎಲ್ಲವೂ ಅವುಗಳ ನಡುವಿನ ಸಂದಿಯಲ್ಲಿ ಹೊಂದಿಕೊಳ್ಳಬೇಕು. ಆಮೇಲೆ ಪ್ರತಿ ಕಾರ್ಯಕ್ರಮಕ್ಕೂ ಒಂದು ಕ್ಯೂ ಶೀಟ್. ಅದರಲ್ಲಿ ಹಾಡು, ರಾಗ, ತಾಳ, ರಚನೆ ಯಾರದು, ಹಾಡಿದವರು ಯಾರು, ಟೇಪಿನ ಸಂಖ್ಯೆ, ಎಷ್ಟು ನಿಮಿಷ ಎಷ್ಟು ಸೆಕೆಂಡು. ಉದ್ಘೋಷಕರ ಮುಂದೆ ಇರುವುದು ಅದೇ. ಕಾರ್ಯಕ್ರಮ ಎರಡು ನಿಮಿಷ ಮೊದಲೇ ಮುಗಿದರೆ ವಾದ್ಯಸಂಗೀತದ ಒಂದು ತುಣುಕು ಹಾಕಿ ವಾರ್ತೆಯವರೆಗೆ ದಾಟಿಸುತ್ತಾರೆ. ಅದಕ್ಕೆ ಫಿಲ್ಲರ್ ಎನ್ನುತ್ತಾರೆ. ನನಗೆ ಈ ಫಿಲ್ಲರ್‌ಗಳ ಮೇಲೆ ವಿಶೇಷ ಅಕ್ಕರೆ. ಅರ್ಧದಲ್ಲಿ ಕತ್ತರಿಸಿಹೋದ ಒಂದು ಕೊಳಲು ಅಥವಾ ಸರೋದು, ನುಡಿಸಿದವರ ಹೆಸರೂ ಹೇಳದೆ ಹೋಗುತ್ತದೆ, ಆಮೇಲೆ ವಾರವೆಲ್ಲ ಅದು ತಲೆಯಲ್ಲಿ ಸುತ್ತುತ್ತದೆ. ಯಾರದೆಂದು ಕೇಳಿ ತಿಳಿಯುವ ದಾರಿಯಿಲ್ಲ. ಇಂಥ ಚಡಪಡಿಕೆಯಿಂದಲೇ ಸಂಗೀತದ ಕಡೆ ಹೊರಳಿದವರು ಬಹಳ ಜನ ಇದ್ದಾರೆ.

ಗಡಿಯಾರದ ಈ ಕಟ್ಟು ಸಂಗೀತವನ್ನೂ ತಿದ್ದಿತು. ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸುತ್ತಿದ್ದ ಗಾಯಕರು ಸ್ಟುಡಿಯೋದ ಕೆಂಪು ದೀಪ ಹತ್ತಿದ ಮೇಲೆ ಅರ್ಧ ಗಂಟೆಯಲ್ಲಿ ನಿಧಾನದ ಆಲಾಪದಿಂದ ವೇಗದ ದ್ರುತ್‌ವರೆಗೆ ಮುಟ್ಟಬೇಕಾಯಿತು. ಎದುರಿಗೆ ಶ್ರೋತೃಗಳಿಲ್ಲ, ‘ವಾಹ್’ ಎನ್ನುವವರಿಲ್ಲ, ಗೋಡೆಯ ಮೇಲೆ ಸೆಕೆಂಡಿನ ಮುಳ್ಳು ಮಾತ್ರ. ಕೆಲವರಿಗೆ ಇದು ಹಿಂಸೆ, ಕೆಲವರಿಗೆ ಶಿಸ್ತು. ನನಗೆ ಕೇಳಿಬಂದ ಮಟ್ಟಿಗೆ ಹಳೆಯ ಬಾನುಲಿ ಧ್ವನಿಮುದ್ರಣಗಳಲ್ಲಿ ಒಣ ಜಾಗಗಳು ಕಡಿಮೆ. ಇನ್ನೊಂದು ಒಳ್ಳೆಯದೂ ಆಯಿತು. ಒಬ್ಬ ಕಲಾವಿದರನ್ನು ಒಂದೇ ದಿನ ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಹಾಡಿಸುವ ರೂಢಿ ಇತ್ತು. ರಾತ್ರಿಯ ಕಛೇರಿಗಳಿಗಷ್ಟೇ ಹೋಗುತ್ತಿದ್ದವರು ಬೆಳಗಿನ ರಾಗಗಳನ್ನು ಕೇಳುವುದೇ ಅಪರೂಪ. ಬಾನುಲಿ ಆ ರಾಗಗಳಿಗೆ ಅವುಗಳ ಹೊತ್ತನ್ನು ಕೊಟ್ಟಿತು.

ಇನ್ನು ಚರಿತ್ರೆಗೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ಒಂದೇ ಕಥೆ ಮೂರು ಸಲ ಮೂರು ವೇಷದಲ್ಲಿ ನಡೆದಿದೆ. ಕಥೆ ಇಷ್ಟೇ: ಸಾರ್ವಜನಿಕ ಬಾನುಲಿ ‘ಜನಕ್ಕೆ ಒಳ್ಳೆಯದು’ ಎಂದು ತನ್ನ ವಾರವನ್ನು ಕಿರಿದು ಮಾಡುತ್ತದೆ, ಜನ ಗಡಿಯಾಚೆಯ ನಿಲಯಕ್ಕೆ ಮುಳ್ಳು ತಿರುಗಿಸುತ್ತಾರೆ, ಕೆಲವು ವರ್ಷ ಮುನಿಸಿಕೊಂಡ ಮೇಲೆ ಬಾನುಲಿ ಅವರ ಹಿಂದೆಯೇ ಹೋಗುತ್ತದೆ.

ಮೊದಲನೆಯದು ಬಿಬಿಸಿಯ ಭಾನುವಾರ. ಬಿಬಿಸಿಯ ಮೊದಲ ಮುಖ್ಯಸ್ಥ ಜಾನ್ ರೀತ್ ಕಟ್ಟಾ ಧರ್ಮಶ್ರದ್ಧೆಯ ಮನುಷ್ಯ. 1920-30ರ ದಶಕಗಳಲ್ಲಿ ಬಿಬಿಸಿಯ ಭಾನುವಾರ ಎಂದರೆ ಪ್ರಾರ್ಥನೆ, ಗಂಭೀರ ಭಾಷಣ, ಗಂಭೀರ ಸಂಗೀತ. ಕುಣಿತದ ಬ್ಯಾಂಡು, ಹಾಸ್ಯ ಎಲ್ಲಕ್ಕೂ ರಜೆ. ಆರು ದಿನ ದುಡಿದು ಮನೆಯಲ್ಲಿ ಕೂತ ಮಂದಿಗೆ ಸಿಕ್ಕಿದ್ದು ಇದು. ಅವರು ಏನು ಮಾಡಿದರು? ಫ್ರಾನ್ಸಿನ ಕರಾವಳಿಯ ರೇಡಿಯೋ ನಾರ್ಮಂಡಿ, 1933ರಿಂದ ರೇಡಿಯೋ ಲಕ್ಸೆಂಬರ್ಗ್‌ನ ಇಂಗ್ಲಿಷ್ ಪ್ರಸಾರ, ಇವುಗಳ ಕಡೆ ತಿರುಗಿದರು. ಸಾಬೂನಿನ ಕಂಪನಿಗಳು ಪ್ರಾಯೋಜಿಸಿದ ಹಗುರ ಸಂಗೀತ ಅಲ್ಲಿ ಧಾರಾಳ. ಯುದ್ಧ ಬಂದು ಲಕ್ಸೆಂಬರ್ಗ್ ಮೌನವಾಯಿತು. ಸೈನಿಕರು ಬ್ಯಾರಕ್‌ಗಳಲ್ಲಿ ಗುಂಪಾಗಿ ಕೂತು ಕೇಳುವವರು, ಅವರಿಗೆ ಧರ್ಮೋಪದೇಶವಷ್ಟೇ ಸಾಲದು. 1940ರ ಜನವರಿಯಲ್ಲಿ ಬಿಬಿಸಿ ‘ಫೋರ್ಸಸ್ ಪ್ರೋಗ್ರಾಂ’ ಶುರುಮಾಡಿತು. ಯುದ್ಧ ಮುಗಿದ ಮೇಲೆ, 1945ರಲ್ಲಿ, ಅದರ ಜಾಗಕ್ಕೆ ‘ಲೈಟ್ ಪ್ರೋಗ್ರಾಂ’ ಬಂತು. ರೀತ್ ಅವರು ತಡೆದಿದ್ದ ಹಗುರ ಸಂಗೀತಕ್ಕೆ ವಾರವಿಡೀ ಒಂದು ಜಾಗ ಸಿಕ್ಕಿತು.

ಎರಡನೆಯದು ನಿಮಗೆ ಗೊತ್ತಿರುವ ಕಥೆ. 1952ರಲ್ಲಿ ಬಿ. ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದರು. ಹತ್ತು ವರ್ಷ ಅದೇ ಕುರ್ಚಿಯಲ್ಲಿ ಕೂತರು. ಚಿತ್ರಗೀತೆ ಕಂಡರೆ ಅವರಿಗೆ ಆಗದು. ಆಕಾಶವಾಣಿಯಲ್ಲಿ ಚಿತ್ರಗೀತೆಗೆ ಕತ್ತರಿ ಬಿತ್ತು, ಚಿತ್ರದ ಹೆಸರು ಹೇಳುವುದೂ ಜಾಹೀರಾತು ಎಂದು ನಿಂತಿತು, ನಿರ್ಮಾಪಕರು ಸಿಟ್ಟಾಗಿ ಹಾಡುಗಳ ಹಕ್ಕನ್ನು ಹಿಂತೆಗೆದುಕೊಂಡರು. ಅದೇ 1952ರ ಡಿಸೆಂಬರ್‌ನಲ್ಲಿ ಸಮುದ್ರದಾಚೆಯ ರೇಡಿಯೋ ಸಿಲೋನ್‌ನಲ್ಲಿ ಅಮೀನ್ ಸಯಾನಿ ಅವರ ‘ಬಿನಾಕಾ ಗೀತಮಾಲಾ’ ಶುರುವಾಯಿತು. ಭಾರತದ ಹಾಡು, ಭಾರತದ ದನಿ, ಭಾರತದ ಕೇಳುಗರು, ಪ್ರಸಾರ ಮಾತ್ರ ಕೊಲಂಬೊದಿಂದ. ಐದು ವರ್ಷ ಕಾದ ಮೇಲೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯದೇ ಚಿತ್ರಗೀತೆಯ ವಾಹಿನಿ ವಿವಿಧ ಭಾರತಿ ಹುಟ್ಟಿತು. ಆ ದಿನ ಮೊದಲು ಕೇಳಿಸಿದ್ದು ಅದಕ್ಕೆಂದೇ ಮಾಡಿಸಿದ ಗೀತೆ: ನರೇಂದ್ರ ಶರ್ಮಾ ಬರೆದದ್ದು, ಅನಿಲ್ ಬಿಸ್ವಾಸ್ ರಾಗ ಹಾಕಿದ್ದು, ಮನ್ನಾ ಡೇ ಹಾಡಿದ್ದು. ಮೂವರೂ ಚಿತ್ರರಂಗದಲ್ಲಿ ಕೆಲಸ ಮಾಡಿದವರೇ, ಗೀತೆ ಮಾತ್ರ ಚಿತ್ರದ್ದಲ್ಲ. ಸೋಲನ್ನು ಒಪ್ಪಿಕೊಳ್ಳುವಾಗಲೂ ಒಂದಿಷ್ಟು ಠೀವಿ ಬೇಕಲ್ಲ.

ಕೇಸ್ಕರ್ ಅವರನ್ನು ಬೈಯುವುದು ಸುಲಭ, ಎಲ್ಲರೂ ಬೈದಿದ್ದಾರೆ. ನಾನು ಪೂರ್ತಿ ಆ ಗುಂಪಿಗೆ ಸೇರುವುದಿಲ್ಲ. ಸಂಸ್ಥಾನಗಳು ವಿಲೀನವಾಗಿ ಆಸ್ಥಾನಗಳನ್ನು ನಂಬಿದ್ದ ಕಲಾವಿದರು ಬೀದಿಗೆ ಬೀಳುವ ಹೊತ್ತಿನಲ್ಲಿ ಅವರಿಗೆ ಸಂಬಳ, ಸಂಭಾವನೆ ಕೊಟ್ಟದ್ದು ಆಕಾಶವಾಣಿ. ಶನಿವಾರ ರಾತ್ರಿ ಒಂಬತ್ತೂವರೆಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ 1952ರದ್ದು, ರವಿಶಂಕರ್ ಅವರಂಥವರು ಕಟ್ಟಿದ ವಾದ್ಯವೃಂದ ಅದೇ ವರ್ಷದ್ದು, ರೇಡಿಯೋ ಸಂಗೀತ ಸಮ್ಮೇಳನ 1954ರದ್ದು. ಆ ಶನಿವಾರದ ಒಂದೂವರೆ ಗಂಟೆಯನ್ನು ಸ್ವಲ್ಪ ಗಮನಿಸಿ. ಅದೇ ಹೊತ್ತಿನಲ್ಲಿ ಹಿಂದೂಸ್ತಾನಿಯೂ ಬರುತ್ತಿತ್ತು, ಕರ್ನಾಟಕ ಸಂಗೀತವೂ ಬರುತ್ತಿತ್ತು. ದೇಶದ ನಿಲಯಗಳೆಲ್ಲ ಅದನ್ನೇ ಹಿಡಿದು ಮರುಪ್ರಸಾರ ಮಾಡುತ್ತಿದ್ದವು. ದಕ್ಷಿಣದ ಮನೆಯೊಂದರಲ್ಲಿ ಕೀರ್ತನೆ ನಿರೀಕ್ಷಿಸಿ ಕೂತವರಿಗೆ ಖಯಾಲ್ ಬಂತು, ಉತ್ತರದಲ್ಲಿ ಕೂತವರಿಗೆ ರಾಗ ತಾನ ಪಲ್ಲವಿ ಬಂತು. ಬೇರೆ ನಿಲಯ ಸಿಗದ ಊರಲ್ಲಿ ಸುಮ್ಮನೆ ಕೇಳಬೇಕಿತ್ತು, ಇಲ್ಲವೇ ಮಲಗಬೇಕಿತ್ತು. ಕೇಳಿದವರು ಸಾಕಷ್ಟು ಜನ.

ಆದರೆ ಕಿರಿದಾಗಿಸುವ ಬುದ್ಧಿ ಕೇಸ್ಕರ್ ಅವರಿಂದ ಶುರುವಾದದ್ದಲ್ಲ. 1940ರ ಮಾರ್ಚ್‌ನಿಂದ ಹಾರ್ಮೋನಿಯಂಗೆ ಆಲ್ ಇಂಡಿಯಾ ರೇಡಿಯೋದಲ್ಲಿ ಬಹಿಷ್ಕಾರ ಬಿದ್ದಿತ್ತು. ಆಗ ಮುಖ್ಯಸ್ಥರಾಗಿದ್ದವರು ಲಯೊನೆಲ್ ಫೀಲ್ಡನ್. ದೆಹಲಿ ನಿಲಯದಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಸಂಗೀತಕಾರ ಜಾನ್ ಫೌಲ್ಡ್ಸ್ ಹಾರ್ಮೋನಿಯಂ ವಿರುದ್ಧ ಕಟುವಾಗಿ ಬರೆದಿದ್ದರು. ರವೀಂದ್ರನಾಥ ಟಾಗೋರರೂ ಅದನ್ನು ಇಷ್ಟಪಡುತ್ತಿರಲಿಲ್ಲ. ತಕರಾರು ಸುಳ್ಳಲ್ಲ. ಹಾರ್ಮೋನಿಯಂನ ಮನೆಗಳು ಕಟ್ಟಿಟ್ಟಂಥವು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಅದರಲ್ಲಿ ಬರುವುದಿಲ್ಲ, ರಾಗಕ್ಕೆ ಬೇಕಾದ ಸೂಕ್ಷ್ಮ ಶ್ರುತಿಗಳೂ ಇಲ್ಲ. ಆದರೆ ಹೊರಗೆ ಕಛೇರಿಗಳಲ್ಲಿ ಗಾಯಕರ ಪಕ್ಕ ಅದೇ ಕೂತಿರುತ್ತಿತ್ತು. ಸ್ಟುಡಿಯೋದ ಬಾಗಿಲು ದಾಟಿದರೆ ಮಾತ್ರ ಸಾರಂಗಿ! ಒಂದು ದೇಶದ ಅರ್ಧಕ್ಕರ್ಧ ಸಂಗೀತಗಾರರು ಬಳಸುವ ವಾದ್ಯ ಅದೇ ದೇಶದ ಬಾನುಲಿಯಲ್ಲಿ ಮೂರು ದಶಕ ಕೇಳಿಸಲಿಲ್ಲ. 1971ರಲ್ಲಿ ನಿಷೇಧ ಸಡಿಲವಾಯಿತು, ಅದೂ ಭಾಗಶಃ. ನಿಷೇಧದಿಂದ ಸಾರಂಗಿಯವರಿಗೆ ಕೆಲಸ ಸಿಕ್ಕಿತು ಎಂಬುದನ್ನೂ ಹೇಳಬೇಕು. ಅದಕ್ಕೆ ಕಾರಣ ವೈವಿಧ್ಯದ ಮೇಲಿನ ಪ್ರೀತಿಯೇನಲ್ಲ.

ಮೂರನೆಯ ಕಥೆಯಲ್ಲಿ ಹಡಗುಗಳಿವೆ. ಬ್ರಿಟನ್ನಿನಲ್ಲಿ ಧ್ವನಿಮುದ್ರಿಕೆ ಕಂಪನಿಗಳಿಗೂ ಸಂಗೀತಗಾರರ ಸಂಘಕ್ಕೂ ಬಿಬಿಸಿಗೂ ಒಂದು ಒಪ್ಪಂದ ಇತ್ತು. ದಿನಕ್ಕೆ ಇಷ್ಟೇ ಗಂಟೆ ರೆಕಾರ್ಡು ಹಾಕಬೇಕು, ಮಿಕ್ಕದ್ದನ್ನು ಸಂಗೀತಗಾರರನ್ನು ಕರೆಸಿ ನುಡಿಸಬೇಕು. ಅದಕ್ಕೆ ‘ನೀಡಲ್ ಟೈಮ್’ ಎನ್ನುತ್ತಿದ್ದರು. ಹೊಸ ಪಾಪ್ ಹಾಡುಗಳನ್ನು ಮೂಲ ದನಿಯಲ್ಲಿ ಕೇಳಬೇಕೆಂದಿದ್ದ ಹುಡುಗರಿಗೆ ಬಿಬಿಸಿಯ ವಾದ್ಯವೃಂದ ನುಡಿಸಿದ ನಕಲು ಸಿಗುತ್ತಿತ್ತು. 1964ರ ಈಸ್ಟರ್ ಹೊತ್ತಿಗೆ ರೇಡಿಯೋ ಕ್ಯಾರೊಲೈನ್ ಎಂಬ ಹಡಗು ಬ್ರಿಟನ್ನಿನ ಸಾಗರ ಗಡಿಯಾಚೆ ಲಂಗರು ಹಾಕಿ ದಿನವಿಡೀ ಪಾಪ್ ಪ್ರಸಾರ ಮಾಡತೊಡಗಿತು. ಹಿಂದೆಯೇ ಇನ್ನಷ್ಟು ಹಡಗು. 1967ರ ಆಗಸ್ಟ್‌ನಲ್ಲಿ ಕಾನೂನು ತಂದು ಅವುಗಳನ್ನು ಹಣಿದರು. ಸೆಪ್ಟೆಂಬರ್ 30ರಂದು ಬಿಬಿಸಿ ತನ್ನದೇ ಪಾಪ್ ವಾಹಿನಿ ರೇಡಿಯೋ 1 ಶುರುಮಾಡಿತು, ಅದರ ಮೊದಲ ದನಿ ಟೋನಿ ಬ್ಲ್ಯಾಕ್‌ಬರ್ನ್. ಅವರು ಬಂದದ್ದು ಆ ಹಡಗುಗಳಿಂದಲೇ.

ಆದರೆ ನೀಡಲ್ ಟೈಮ್ ಕೆಟ್ಟದ್ದನ್ನಷ್ಟೇ ಮಾಡಲಿಲ್ಲ. ಹಡಗಿನಿಂದ ಬಂದ ಇನ್ನೊಬ್ಬರು ಜಾನ್ ಪೀಲ್. 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೂ ಅವರು ರೇಡಿಯೋ 1ರಲ್ಲಿ ಇದ್ದರು. ರೆಕಾರ್ಡಿಗೆ ಮಿತಿ ಇದ್ದುದರಿಂದ ಬ್ಯಾಂಡ್‌ಗಳನ್ನು ಸ್ಟುಡಿಯೋಕ್ಕೆ ಕರೆಸಲೇಬೇಕಿತ್ತು. ಲಂಡನ್ನಿನ ಮೈದಾ ವೇಲ್ ಸ್ಟುಡಿಯೋದಲ್ಲಿ ಮಧ್ಯಾಹ್ನ ವಾದ್ಯ ಇಳಿಸಿ, ಒಂದೇ ದಿನದಲ್ಲಿ ನಾಲ್ಕಾರು ಹಾಡು ನುಡಿಸಿ, ರಾತ್ರಿಯೊಳಗೆ ಮಿಕ್ಸ್ ಮುಗಿಸಿ ಹೊರಡಬೇಕು. ಆಲ್ಬಂಗೆ ತಿಂಗಳುಗಟ್ಟಲೆ ಒಪ್ಪ ಹಾಕುವವರಿಗೆ ಇಲ್ಲಿ ಪುರುಸೊತ್ತಿಲ್ಲ, ಹಾಗಾಗಿ ಹಾಡು ತುಸು ಒರಟಾಗಿ, ತುಸು ವೇಗವಾಗಿ ಬರುತ್ತಿತ್ತು. ಎಷ್ಟೋ ಹಾಡುಗಳ ಪೀಲ್ ಆವೃತ್ತಿಯೇ ಮೂಲಕ್ಕಿಂತ ಮೇಲು ಎನ್ನುವವರಿದ್ದಾರೆ. ಇಂಥ ಧ್ವನಿಮುದ್ರಣಗಳು 4,000ಕ್ಕೂ ಹೆಚ್ಚು. ಇನ್ನೂ ಒಂದೂ ರೆಕಾರ್ಡು ತರದ ಹುಡುಗರಿಗೂ ಅಲ್ಲಿ ಕರೆ ಬರುತ್ತಿತ್ತು. ಪೀಲ್ ಅವರ ಎರಡು ಗಂಟೆ ಕೇಳಿದರೆ ಪಂಕ್ ಆದ ಮೇಲೆ ರೆಗ್ಗೆ, ಅದಾದ ಮೇಲೆ ಜಿಂಬಾಬ್ವೆಯ ಗಿಟಾರ್ ಬ್ಯಾಂಡು, ಆಮೇಲೆ ಯಾವುದೋ ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆ. ನಡುವೆ ಬೇಸರದ ದನಿಯಲ್ಲಿ ಎರಡು ಮಾತು. ‘ಈಗ ಬೇರೆ ಬಗೆಯ ಸಂಗೀತ’ ಎಂದು ಎಚ್ಚರಿಸುವ ಗೊಡವೆ ಇಲ್ಲ. ಪಕ್ಕಪಕ್ಕ ಕೂರಿಸುವುದು ಎಂದು ಮೊದಲು ಹೇಳಿದೆನಲ್ಲ, ಅದು ಇದೇ. ಪಂಕ್ ಕೇಳುವ ಹದಿನಾರರ ಹುಡುಗನಿಗೆ ಆಫ್ರಿಕಾದ ಗಿಟಾರ್ ಪರಿಚಯವಾದದ್ದು ಯಾವುದೋ ‘ವಿಶ್ವ ಸಂಗೀತ ಸಪ್ತಾಹ’ದಿಂದ ಅಲ್ಲ, ಅವನ ಹಾಡಿನ ಹಿಂದೆಯೇ ಅದು ಬಂದುದರಿಂದ.

ರಾತ್ರಿಯ ಬಗ್ಗೆ ಒಂದು ಮಾತು. ಪ್ರಪಂಚದ ಎಲ್ಲ ಸಾರ್ವಜನಿಕ ಬಾನುಲಿಗಳ ವಾರದಲ್ಲೂ ವಿಚಿತ್ರ ಸಂಗೀತ ಸಿಗುವುದು ರಾತ್ರಿ ಹತ್ತರ ಮೇಲೆ. ಕಾರಣ ಸರಳ: ಆ ಹೊತ್ತಿನಲ್ಲಿ ಮೇಲಧಿಕಾರಿಗಳೂ ಮಲಗಿರುತ್ತಾರೆ. ತಮಾಷೆ ಬಿಡಿ, ಕೇಳುಗರ ಸಂಖ್ಯೆಯ ಚಿಂತೆ ಆಗ ಕಡಿಮೆ. ಜರ್ಮನಿಯ ಕೊಲೋನ್ ನಿಲಯದಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ರೂಪ ತಳೆದದ್ದು 1951ರ ಅಕ್ಟೋಬರ್‌ನ ಒಂದು ತಡರಾತ್ರಿಯ ಕಾರ್ಯಕ್ರಮದ ಬೆನ್ನಿಗೆ. ಜರ್ಮನ್ ರಚನಾಕಾರ ಸ್ಟಾಕ್‌ಹೌಸನ್ ಅಲ್ಲಿ ಕೆಲಸ ಮಾಡಿದರು. ಅದಕ್ಕೂ ಮೊದಲು, 1948ರ ಅಕ್ಟೋಬರ್ 5ರಂದು, ಪ್ಯಾರಿಸ್ ರೇಡಿಯೋದಲ್ಲಿ ಇಂಜಿನಿಯರ್ ಪಿಯೆರ್ ಶೆಫರ್ ಬಾತಿನ್ಯೋಲ್ ರೈಲು ನಿಲ್ದಾಣದಲ್ಲಿ ಹಿಡಿದ ಸದ್ದುಗಳಿಂದ ಕಟ್ಟಿದ ರಚನೆಯನ್ನು ಪ್ರಸಾರ ಮಾಡಿದರು. ರೈಲಿನ ಗಡಗಡ, ಸೀಟಿ, ಅವನ್ನೇ ಕತ್ತರಿಸಿ ಜೋಡಿಸಿದ್ದು. ಸಂಗೀತ ಎಂದುಕೊಂಡು ಕೂತವರು ಏನೆಂದುಕೊಂಡಿರಬೇಕು! ಇವತ್ತು ಯಾವುದೇ ಹಾಡಿನಲ್ಲಿ ತುಂಡು ಸದ್ದನ್ನು ಸ್ಯಾಂಪಲ್ ಮಾಡಿ ಬಳಸುವವರ ಹಿರಿಯಜ್ಜ ಆತ. ಮಾರುಕಟ್ಟೆಯನ್ನು ನಂಬಿದ್ದರೆ ಇವೆರಡಕ್ಕೂ ಯಾರು ಕಾಸು ಬಿಚ್ಚುತ್ತಿದ್ದರು?

ಬಿಬಿಸಿ 1946ರ ಸೆಪ್ಟೆಂಬರ್‌ನಲ್ಲಿ ಶುರುಮಾಡಿದ ‘ಥರ್ಡ್ ಪ್ರೋಗ್ರಾಂ’ ಇನ್ನೂ ಧೈರ್ಯದ ಕೆಲಸ. ಸಂಜೆಯಿಂದ ಮಧ್ಯರಾತ್ರಿವರೆಗೆ ಮಾತ್ರ ಪ್ರಸಾರ, ಕದಲದ ಹೊತ್ತು ಎಂಬುದೇ ಇಲ್ಲ. ಅಪೆರಾ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು, ವಾರ್ತೆಗಾಗಿ ನಿಲ್ಲಿಸುವುದಿಲ್ಲ. ಮೊದಲು ಹೇಳಿದ ಚಾರ್ಟನ್ನು ನೆನೆಸಿಕೊಳ್ಳಿ, ಇದು ಅದಕ್ಕೆ ನೇರ ಎದುರು. ನನಗೆ ಇದರ ಬಗ್ಗೆ ಗೌರವ ಇದೆ, ಪ್ರೀತಿ ಸ್ವಲ್ಪ ಕಡಿಮೆ. ಒಳಗಿರುವ ಎಲ್ಲವೂ ಅದ್ಭುತ, ಆದರೆ ದಾರಿತಪ್ಪಿ ಒಳಗೆ ಬರುವವರು ಇಲ್ಲ. ಕೇಳುಗರು ಕಡಿಮೆ ಎಂದು 1957ರಲ್ಲಿ ಅದರ ಹೊತ್ತನ್ನು ಬಹಳಷ್ಟು ಕಡಿದುಹಾಕಿದರು. ಬೇರೆಯದೇ ವಾಹಿನಿ ಮಾಡಿ ಕೂರಿಸಿದ ಸಂಗೀತವನ್ನು ಕಡಿಯುವುದು ಸುಲಭ. ಎಲ್ಲರೂ ಕೇಳುವ ವಾರದ ನಡುವೆ ಹೆಣೆದದ್ದನ್ನು ಕೀಳುವುದು ಅಷ್ಟು ಸುಲಭವಲ್ಲ.

ಹೆಣೆಯುವುದಕ್ಕೆ ವಿವಿಧ ಭಾರತಿಯ ‘ಸಂಗೀತ ಸರಿತಾ’ ನನಗೆ ತುಂಬ ಮೆಚ್ಚಿನ ಉದಾಹರಣೆ. ಬೆಳಗಿನ ಹೊತ್ತು, ಕಾಲು ಗಂಟೆ. ಒಂದು ರಾಗದ ಆರೋಹ ಅವರೋಹ ಹೇಳುತ್ತಾರೆ, ಅದರ ಮುಖ್ಯ ಸ್ವರಗಳಾದ ವಾದಿ ಸಂವಾದಿ ಹೇಳುತ್ತಾರೆ, ಆ ರಾಗದ ಒಂದು ಚಿತ್ರಗೀತೆ ಹಾಕುತ್ತಾರೆ, ಒಂದು ಶಾಸ್ತ್ರೀಯ ತುಣುಕನ್ನೂ ಕೇಳಿಸುತ್ತಾರೆ. ಮುಗಿಯಿತು. ಇದರ ಜಾಣತನ ಎಲ್ಲಿದೆ ಅಂದರೆ, ಕೂತದ್ದು ಚಿತ್ರಗೀತೆಯ ವಾಹಿನಿಯಲ್ಲಿ. ಹತ್ತಾರು ವರ್ಷದಿಂದ ಬಾಯಿಪಾಠ ಇದ್ದ ಹಾಡು ಯಮನ್ ಎಂದೋ ಪಹಾಡಿ ಎಂದೋ ಗೊತ್ತಾದ ಮೇಲೆ, ಅದರ ಬೆನ್ನಿಗೇ ಬರುವ ಸಿತಾರಿನ ಗತ್ತಿನಲ್ಲಿ ಆ ಹಾಡಿನ ಚಹರೆಯೇ ಕಾಣುತ್ತದೆ. ಶಾಸ್ತ್ರೀಯ ಸಂಗೀತದ ವಾಹಿನಿಯಲ್ಲಿ ಇದೇ ಪಾಠ ಮಾಡಿದ್ದರೆ ಅದು ಬೇಕಾದವರಿಗೆ ತಲುಪುತ್ತಲೇ ಇರಲಿಲ್ಲ. ಚಿತ್ರಗೀತೆಯಿಂದ ದೇಶವನ್ನು ಕಾಪಾಡಲು ಹೊರಟ ಮಂತ್ರಿಗಳ ಕಾಲದಲ್ಲೇ ಹುಟ್ಟಿದ ವಾಹಿನಿ ಇದು, ಅದೇ ಚಿತ್ರಗೀತೆಯ ಕೈಹಿಡಿಸಿ ಜನರನ್ನು ರಾಗದ ಬಾಗಿಲಿಗೆ ತಂದು ಬಿಟ್ಟಿತು.

ಅಮೆರಿಕದಿಂದ ಎರಡು ಹೇಳುತ್ತೇನೆ. ಒಂದು, ಮೇರಿಯನ್ ಮ್ಯಾಕ್‌ಪಾರ್ಟ್‌ಲ್ಯಾಂಡ್ ಅವರ ಜಾಝ್ ಪಿಯಾನೊ ಕಾರ್ಯಕ್ರಮ. ಬ್ರಿಟನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಪಿಯಾನೊ ಕಲಾವಿದೆ ಇವರು. 1979ರಲ್ಲಿ ಪ್ರಸಾರ ಶುರುವಾಗಿ ಮೂರು ದಶಕ ದಾಟಿ ನಡೆಯಿತು. ಮೊದಲ ಅತಿಥಿ ಮೇರಿ ಲೂ ವಿಲಿಯಮ್ಸ್. ಎರಡು ಪಿಯಾನೊ, ಇಬ್ಬರು ಕಲಾವಿದರು, ಮಾತಿನ ನಡುವೆ ನುಡಿಸುವುದು, ನುಡಿಸುತ್ತಾ ಮಾತು. ‘ಆ ಜಾಗ ಹೇಗೆ ಮಾಡಿದಿರಿ?’ ಅಂತ ಒಬ್ಬರು ಕೇಳಿದರೆ ಇನ್ನೊಬ್ಬರು ಬಾಯಲ್ಲಿ ಹೇಳುವ ಬದಲು ಕೈಯಲ್ಲಿ ತೋರಿಸುವುದು. ನಮ್ಮಲ್ಲಿ ಇಂಥ ಕಾರ್ಯಕ್ರಮಕ್ಕೆ ಎಷ್ಟು ಒಳ್ಳೆಯ ಜಾಗ ಇದೆ ಅಂತ ಯೋಚಿಸಿ: ಇಬ್ಬರು ಪಿಟೀಲು ವಾದಕರು, ಒಂದು ಗಂಟೆ, ‘ಈ ಗಮಕ ನಿಮ್ಮ ಗುರುಗಳದ್ದೋ ನಿಮ್ಮದೋ?’ ಸಂಗೀತಗಾರರ ಸಂದರ್ಶನ ಎಂದರೆ ಹುಟ್ಟೂರು, ಗುರುಪರಂಪರೆ, ಪ್ರಶಸ್ತಿಗಳ ಪಟ್ಟಿ ಎಂದುಕೊಂಡಿದ್ದೇವೆ. ಇದನ್ನು ಯಾರಾದರೂ ಬದಲಿಸಬೇಕು.

ಇನ್ನೊಂದು, ನ್ಯೂಯಾರ್ಕಿನ ಡಬ್ಲ್ಯುಎನ್‌ವೈಸಿ. ಆಗ ಅದು ನಗರಸಭೆಯದೇ ನಿಲಯ. 1940ರಿಂದ ಪ್ರತಿ ಫೆಬ್ರವರಿ 12ರಿಂದ 22ರವರೆಗೆ, ಅಂದರೆ ಲಿಂಕನ್ ಹುಟ್ಟಿದ ದಿನದಿಂದ ವಾಷಿಂಗ್ಟನ್ ಹುಟ್ಟಿದ ದಿನದವರೆಗೆ, ಅಮೆರಿಕನ್ ಸಂಗೀತ ಉತ್ಸವ ನಡೆಸಿತು. ಯುರೋಪಿನ ದೊಡ್ಡ ಹೆಸರುಗಳಿಗೆ ಆ ದಿನಗಳಲ್ಲಿ ರಜೆ. ಅಲ್ಲಿನ ಹೊಸ ರಚನಾಕಾರರ ವಾದ್ಯಗೋಷ್ಠಿ ಸಂಗೀತ ಇದ್ದ ಉತ್ಸವದಲ್ಲೇ ಲೆಡ್‌ಬೆಲಿ ತಮ್ಮ ಹನ್ನೆರಡು ತಂತಿಯ ಗಿಟಾರ್ ಹಿಡಿದು ಹಾಡಿದರು. ದಕ್ಷಿಣದ ಜೈಲುಗಳಲ್ಲಿ ವರ್ಷಗಟ್ಟಲೆ ಕಳೆದು ಬಂದ ಕಪ್ಪು ಗಾಯಕ, 1940ರ ದಶಕ, ಸರ್ಕಾರಿ ನಿಲಯ. ಅಮೆರಿಕದ ಸಭಾಂಗಣಗಳಲ್ಲಿ ಆಗ ಈ ಇಬ್ಬರಿಗೂ ಒಂದೇ ವೇದಿಕೆ ಸಿಗುವುದು ಸುಲಭವಿರಲಿಲ್ಲ.

ಜನಪದ ಸಂಗೀತಕ್ಕೆ ಹೋದರೆ ಐರ್ಲೆಂಡಿನ ಕೀರನ್ ಮ್ಯಾಕ್‌ಮಹೂನ ಅವರನ್ನು ನೆನೆಯದೆ ಇರಲಾಗದು. 1950ರ ದಶಕದಲ್ಲಿ ಧ್ವನಿಮುದ್ರಣದ ವ್ಯಾನ್ ತೆಗೆದುಕೊಂಡು ಹಳ್ಳಿಹಳ್ಳಿ ಸುತ್ತಿದವರು. ಅಡುಗೆಮನೆಯಲ್ಲಿ ಪಿಟೀಲು ನುಡಿಸುವವರ ದನಿಯನ್ನು ದೇಶಕ್ಕೆ ಕೇಳಿಸಿದರು. 1970ರಿಂದ 2005ರವರೆಗೆ ಭಾನುವಾರ ಬೆಳಗ್ಗೆ ಅವರ ಕಾರ್ಯಕ್ರಮ, ಮೆಲುದನಿಯ ಮಾತು, ಹಾಡು, ಕವಿತೆ. ರೀತ್ ಅವರ ಭಾನುವಾರಕ್ಕೂ ಇದಕ್ಕೂ ಎಷ್ಟು ದೂರ!

ಈಗಿನ ಪರಿಸ್ಥಿತಿ. ಒಂದೊಂದು ಸಂಗೀತಕ್ಕೂ ಒಂದೊಂದು ವಾಹಿನಿ ಎಂಬುದು ಈಗಿನ ದಾರಿ. 2016ರಲ್ಲಿ ಆಕಾಶವಾಣಿ ಶಾಸ್ತ್ರೀಯ ಸಂಗೀತಕ್ಕೆಂದೇ ‘ರಾಗಂ’ ವಾಹಿನಿ ತಂದಿತು, ಇಪ್ಪತ್ತನಾಲ್ಕು ಗಂಟೆ. ರಸಿಕರಿಗೆ ಇದು ಹಬ್ಬ, ನನಗೂ ಹಬ್ಬ. ಆದರೆ ಇಂಥ ಪ್ರತಿ ವಾಹಿನಿ ಬಂದಾಗಲೂ ಮುಖ್ಯ ನಿಲಯದಲ್ಲಿ ‘ಅದಕ್ಕೆ ಬೇರೆ ಜಾಗ ಇದೆಯಲ್ಲ’ ಎಂಬ ಮಾತು ಹುಟ್ಟುತ್ತದೆ. ಫೋನಿನ ಆ್ಯಪ್‌ಗಳು ಇದನ್ನು ತುದಿಗೆ ಮುಟ್ಟಿಸಿವೆ. ನೀವು ನಿನ್ನೆ ಕೇಳಿದ್ದರ ಹಾಗೆಯೇ ಇರುವುದನ್ನು ಇವತ್ತು ಕೇಳಿಸುತ್ತವೆ. ನಿಮಗೆ ಇಷ್ಟವಾಗದೆ ಹೋಗಬಹುದಾದದ್ದನ್ನು ಧೈರ್ಯವಾಗಿ ನಿಮ್ಮ ಮುಂದೆ ಇಡುವವರು ಯಾರು?

2019ರಲ್ಲಿ ಎರಡು ಘಟನೆ ನಡೆದವು. ಬಿಬಿಸಿ ರೇಡಿಯೋ 3ರ ‘ಲೇಟ್ ಜಂಕ್ಷನ್’, ಎಲ್ಲ ದೇಶದ ಎಲ್ಲ ಕಾಲದ ಸಂಗೀತವನ್ನು ಎಗ್ಗಿಲ್ಲದೆ ಬೆರೆಸುವ ತಡರಾತ್ರಿ ಕಾರ್ಯಕ್ರಮ, ವಾರಕ್ಕೆ ಮೂರು ರಾತ್ರಿ ಇದ್ದದ್ದು ಒಂದಕ್ಕೆ ಇಳಿಯಿತು. ಸಂಗೀತಗಾರರು ಪ್ರತಿಭಟಿಸಿ ಪತ್ರ ಬರೆದರೂ ನಿರ್ಧಾರ ಬದಲಾಗಲಿಲ್ಲ. ಅದೇ ವರ್ಷ ನ್ಯೂಯಾರ್ಕಿನಲ್ಲಿ 1982ರಿಂದ ನಡೆಯುತ್ತಿದ್ದ ಜಾನ್ ಶೇಫರ್ ಅವರ ‘ನ್ಯೂ ಸೌಂಡ್ಸ್’ ಸಂಗೀತ ಕಾರ್ಯಕ್ರಮವನ್ನು ನಿಲ್ಲಿಸುತ್ತೇವೆ ಎಂದು ಡಬ್ಲ್ಯುಎನ್‌ವೈಸಿ ಹೇಳಿತು. ಕೇಳುಗರು ಗದ್ದಲ ಎಬ್ಬಿಸಿದರು, ನಿಲಯ ಹಿಂದೆ ಸರಿಯಿತು. ದೇಣಿಗೆ ಕೊಡುವವರ ದನಿಗೆ ಅಲ್ಲಿ ಸ್ವಲ್ಪ ಹೆಚ್ಚು ತೂಕ ಎಂದು ನನಗನ್ನಿಸಿತು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.

ಒಬ್ಬರು ಕೇಳಿದರು: ಸರ್, ಮಾತಿನ ಕಾರ್ಯಕ್ರಮಗಳೆಲ್ಲ ಪಾಡ್‌ಕಾಸ್ಟ್ ಆಗಿ ಸಿಗುತ್ತವೆ. ಸಂಗೀತದ ಕಾರ್ಯಕ್ರಮಗಳು ಯಾಕೆ ಸಿಗುವುದಿಲ್ಲ?

ಹಕ್ಕಿನ ಕಾರಣಕ್ಕೆ. ಪ್ರಸಾರ ಮಾಡುವುದಕ್ಕೆ ನಿಲಯಗಳು ಹಕ್ಕುದಾರರ ಸಂಘಗಳ ಜೊತೆ ಒಟ್ಟಾರೆ ಒಪ್ಪಂದ ಮಾಡಿಕೊಂಡಿರುತ್ತವೆ. ಯಾವ ಹಾಡು ಎಷ್ಟು ಸಲ ಹೋಯಿತು ಎಂದು ವರದಿ ಕೊಡುತ್ತವೆ, ರಚನಾಕಾರರಿಗೆ ದುಡ್ಡು ಹೋಗುತ್ತದೆ. ಕ್ಯೂ ಶೀಟ್ ಎಂದೆನಲ್ಲ, ಅದು ಇದಕ್ಕೂ ಬೇಕು. ಆದರೆ ಆ ಒಪ್ಪಂದ ಜನ ಇಳಿಸಿಟ್ಟುಕೊಳ್ಳುವ ಪ್ರತಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಅದಕ್ಕೆ ಹಾಡುಹಾಡಿಗೂ ಬೇರೆ ಅನುಮತಿ ಬೇಕು. ಹಾಗಾಗಿ ಬಿಬಿಸಿಯಂಥವರೂ ಸಂಗೀತದ ಕಾರ್ಯಕ್ರಮವನ್ನು ಸಾಮಾನ್ಯವಾಗಿ 30 ದಿನ ಕೇಳಲು ಬಿಟ್ಟು ಆಮೇಲೆ ತೆಗೆದುಬಿಡುತ್ತಾರೆ.

ಇನ್ನೊಬ್ಬರ ಪ್ರಶ್ನೆ: ಹಾಗಾದರೆ ಹಳೆಯದನ್ನು ಕೇಳುವುದು ಎಲ್ಲಿ?

ಸಂಗೀತ ಉಳಿದಿದೆ, ಎಲ್ಲ ಅಲ್ಲ. ಟೇಪು ದುಬಾರಿ ಎಂದು ಅಳಿಸಿ ಮತ್ತೆ ಬಳಸಿದ್ದರಿಂದ ಪೀಲ್ ಅವರ ಆರಂಭದ ವರ್ಷಗಳ ಎಷ್ಟೋ ಮುದ್ರಣಗಳು ಹೋದವು. ಆಕಾಶವಾಣಿಯ ಭಂಡಾರದಿಂದ ದೊಡ್ಡ ಕಲಾವಿದರ ಕಛೇರಿಗಳು ಸಿ.ಡಿ.ಗಳಾಗಿ ಬಂದಿವೆ. ಆದರೆ ಭಂಡಾರದಲ್ಲಿ ಉಳಿಯುವುದು ಕಛೇರಿ ಮಾತ್ರ. ಅದರ ಹಿಂದೆ ಏನು ಬಂತು, ಮುಂದೆ ಏನು ಬಂತು, ಉದ್ಘೋಷಕರು ಏನೆಂದರು ಎಂಬುದು ಉಳಿಯುವುದಿಲ್ಲ. ಅದು ಬೇಕಾದರೆ ಕಾರ್ಯಕ್ರಮ ಪತ್ರಿಕೆಗಳನ್ನೇ ನೋಡಬೇಕು. ಆಲ್ ಇಂಡಿಯಾ ರೇಡಿಯೋ 1935ರಿಂದ ‘ದಿ ಇಂಡಿಯನ್ ಲಿಸನರ್’ ಎಂಬ ಪತ್ರಿಕೆ ತರುತ್ತಿತ್ತು, 1958ರಲ್ಲಿ ಅದು ‘ಆಕಾಶವಾಣಿ’ ಆಯಿತು. ಒಂದೊಂದು ನಿಲಯದ ಒಂದೊಂದು ದಿನವನ್ನೂ ನಿಮಿಷದ ಲೆಕ್ಕದಲ್ಲಿ ಅಚ್ಚು ಹಾಕಿದ್ದಾರೆ. ಬಿಬಿಸಿ ಶುರುಮಾಡಿದ ‘ರೇಡಿಯೋ ಟೈಮ್ಸ್’ 1923ರಿಂದ ಇದೆ, ಅದರ ಹಳೆಯ ಪಟ್ಟಿಗಳು ಅಂತರ್ಜಾಲದಲ್ಲೇ ಸಿಗುತ್ತವೆ. ನಿಮಗೆ ಗೊತ್ತಿರುವ ಒಬ್ಬ ಕಲಾವಿದರ ಹೆಸರು ಹಿಡಿದು ಹುಡುಕಿ. ಹೆಸರು ಸಿಕ್ಕ ಮೇಲೆ ಅದರ ಮೇಲಿನ ಸಾಲು, ಕೆಳಗಿನ ಸಾಲು ಓದಿ.